ಝಿಂಕ್ ಮಾಡ್ಯೂಲಿಗೆ ವೇಗದ ಎಡಿಸಿ ಜೋಡಿಸಬಹುದೇ?

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಅಂತಿಮ ವರ್ಷದ ವಿದ್ಯಾರ್ಥಿನಿ. ಸೂರ್ಯನಿಂದ ಬರುವ ರೇಡಿಯೊ ಸ್ಫೋಟಗಳನ್ನು 30ರಿಂದ 50 ಮೆಗಾಹರ್ಟ್ಸ್ ನಡುವೆ ದಾಖಲಿಸುವ ರಿಸೀವರ್ ನಮ್ಮ ತಂಡದ ಪ್ರಾಜೆಕ್ಟ್. ಕಾಲೇಜಿನಲ್ಲಿ ಝಿಂಕ್ 7020 ಚಿಪ್‌ನ ಪುಟ್ಟ ಮಾಡ್ಯೂಲ್ ಇದೆ, ಸ್ಪೀಡ್ ಗ್ರೇಡ್ -1. ಅದಕ್ಕೆ ಸೆಕೆಂಡಿಗೆ 12.5 ಕೋಟಿ ಸ್ಯಾಂಪಲ್ ತೆಗೆಯುವ, 14 ಬಿಟ್‌ನ, ನಾಲ್ಕು ಚಾನೆಲ್‌ಗಳ ಸೀರಿಯಲ್ ಎಲ್‌ವಿಡಿಎಸ್ ಎಡಿಸಿ ಜೋಡಿಸಬಹುದೇ? ಜೆಇಎಸ್‌ಡಿ204ಬಿ ಇರುವುದನ್ನೇ ಕೊಳ್ಳಿ ಎಂದು ನಮ್ಮ ಸೀನಿಯರ್ ಒಬ್ಬರು ಹೇಳುತ್ತಿದ್ದಾರೆ.

ಉತ್ತರ: ಜೋಡಿಸಬಹುದು. ಆದರೆ ಆ ಎಡಿಸಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸಬೇಡಿ, ಜೆಇಎಸ್‌ಡಿ204ಬಿ ವಿಚಾರವನ್ನೂ ಬಿಟ್ಟುಬಿಡಿ.

ಎರಡನೆಯದನ್ನು ಮೊದಲು ಮುಗಿಸೋಣ. ಜೆಇಎಸ್‌ಡಿ204ಬಿಯಲ್ಲಿ ಒಂದೊಂದು ಜೋಡಿ ತಂತಿಯ ಮೇಲೆ ಸೆಕೆಂಡಿಗೆ 12.5 ಗಿಗಾಬಿಟ್‌ವರೆಗೆ ಹರಿಯಬಹುದು. ಅದನ್ನು ಹಿಡಿಯಲು ಗಿಗಾಬಿಟ್ ಟ್ರಾನ್ಸೀವರ್ ಎಂಬ ಪ್ರತ್ಯೇಕ ಸರ್ಕ್ಯೂಟ್ ಚಿಪ್ಪಿನೊಳಗೇ ಇರಬೇಕು. 7010 ಮತ್ತು 7020ರಲ್ಲಿ ಅದು ಇಲ್ಲವೇ ಇಲ್ಲ; 7015, 7030ರಂಥವುಗಳಲ್ಲಿ ಇದೆ. ಚಿಪ್ಪಿನಲ್ಲಿ ಇಲ್ಲದ್ದನ್ನು ಯಾವ ಕೋಡ್ ಬರೆದರೂ ತರಲಾಗದು.

ಇನ್ನು ಎಲ್‌ವಿಡಿಎಸ್. ಈ ಬಗೆಯ ಎಡಿಸಿಗಳು 14 ಬಿಟ್‌ನ ಸ್ಯಾಂಪಲ್ಲನ್ನು 16 ಬಿಟ್‌ನ ಚೌಕಟ್ಟಿನಲ್ಲಿಟ್ಟು, ಚಾನೆಲ್ಲಿಗೆ ಎರಡು ಜೋಡಿ ತಂತಿಗಳಲ್ಲಿ ಹಂಚಿ ಕಳಿಸುತ್ತವೆ. 125ನ್ನು 16ರಿಂದ ಗುಣಿಸಿ ಎರಡರಿಂದ ಭಾಗಿಸಿ: ಜೋಡಿಗೆ ಸೆಕೆಂಡಿಗೆ 1000 ಮೆಗಾಬಿಟ್. ಸ್ಪೀಡ್ ಗ್ರೇಡ್ -1ರ 7020ಕ್ಕೆ ತಯಾರಕರು ಭರವಸೆ ಕೊಟ್ಟಿರುವುದು 950 ಮೆಗಾಬಿಟ್ ಮಾತ್ರ. ಮೇಜಿನ ಮೇಲೆ 1000ವೂ ಓಡಬಹುದು. ಬಿಸಿಲಿನಲ್ಲಿ ಕಾದ ಪೆಟ್ಟಿಗೆಯೊಳಗೆ ಓಡುತ್ತದೆಂಬ ಖಾತರಿ ಇಲ್ಲ, ನಿಮ್ಮ ರಿಸೀವರ್ ಇರಬೇಕಾದದ್ದು ಅಲ್ಲೇ.

ಹಾಗಾಗಿ 110 ಮೆಗಾ ಸ್ಯಾಂಪಲ್‌ಗೆ ಇಳಿಸಿ. ಜೋಡಿಗೆ 880 ಮೆಗಾಬಿಟ್ ಆಗುತ್ತದೆ, ಮಿತಿಯೊಳಗೆ ನೆಮ್ಮದಿಯಾಗಿ ಕೂರುತ್ತದೆ. ಇದರಲ್ಲಿ ಇನ್ನೊಂದು ದೊಡ್ಡ ಲಾಭವಿದೆ. ಎಫ್‌ಎಂ ಕೇಂದ್ರಗಳು 88ರಿಂದ 108 ಮೆಗಾಹರ್ಟ್ಸ್‌ನಲ್ಲಿವೆ. 125ರಲ್ಲಿ ಸ್ಯಾಂಪಲ್ ತೆಗೆದರೆ ಅವು ಮಡಚಿಕೊಂಡು 17ರಿಂದ 37ರ ನಡುವೆ ಬಂದು ಬೀಳುತ್ತವೆ. ಬೆಂಗಳೂರಿನ 91.1 ಮೆಗಾಹರ್ಟ್ಸ್ ಕೇಂದ್ರ ನಿಮ್ಮ ಸ್ಪೆಕ್ಟ್ರಮ್ಮಿನಲ್ಲಿ 33.9ರಲ್ಲಿ ಕಾಣಿಸಿಕೊಳ್ಳುತ್ತದೆ, ಸೂರ್ಯನ ಸದ್ದಿನ ಮೇಲೆಯೇ. 110ರಲ್ಲಿ ತೆಗೆದರೆ ಇಡೀ ಎಫ್‌ಎಂ ಪಟ್ಟಿ 2ರಿಂದ 22ರೊಳಗೆ ಬೀಳುತ್ತದೆ, ನಿಮಗೆ ಬೇಕಾದ 30–50 ಸ್ವಚ್ಛವಾಗಿ ಉಳಿಯುತ್ತದೆ. ಹಾಗೆಂದು ಎಡಿಸಿಯ ಮುಂದಿನ ಲೋ ಪಾಸ್ ಫಿಲ್ಟರ್ ಬಿಡುವಂತಿಲ್ಲ. 60ರಿಂದ 80 ಮೆಗಾಹರ್ಟ್ಸ್‌ನಲ್ಲಿರುವುದು ನೇರ ನಿಮ್ಮ ಪಟ್ಟಿಯ ಮೇಲೇ ಮಡಚಿಕೊಳ್ಳುತ್ತದೆ, ಹತ್ತಿರದ ಎಫ್‌ಎಂ ಟವರ್ ಎಡಿಸಿಯನ್ನೇ ತುಂಬಿಸಿಬಿಡಬಲ್ಲದು. ಡೇಟಾಶೀಟಿನ ಮೊದಲ ಪುಟದ ಗರಿಷ್ಠ ವೇಗ ಮಾರಾಟದ ಅಂಕಿ. ನಿಮ್ಮ ವೇಗವನ್ನು ನಿಮಗೆ ಬೇಕಾದ ಪಟ್ಟಿ ತೀರ್ಮಾನಿಸಬೇಕು.

ಮಾಡ್ಯೂಲಿನ ಕನೆಕ್ಟರ್ ಪಟ್ಟಿಯನ್ನು ಈಗ ಮುಂದಿಟ್ಟುಕೊಳ್ಳಿ. ನಿಮಗೆ ಬೇಕಾದದ್ದು ಹತ್ತು ಜೋಡಿ: ಡೇಟಾಕ್ಕೆ ಎಂಟು, ಬಿಟ್ ಕ್ಲಾಕಿಗೆ ಒಂದು, ಫ್ರೇಮಿಗೆ ಒಂದು. ಹತ್ತೂ ಒಂದೇ ಐಒ ಬ್ಯಾಂಕಿನಲ್ಲಿರಲಿ, ಏಕೆಂದರೆ ವೇಗದ ಕ್ಲಾಕ್ ಹಂಚುವ ಬಫರ್ ತನ್ನ ಬ್ಯಾಂಕಿನ ಆಚೆ ಹೋಗುವುದಿಲ್ಲ. ಬಿಟ್ ಕ್ಲಾಕ್ ಬರುವ ಪಿನ್ ಎಂಆರ್‌ಸಿಸಿ ಅಥವಾ ಎಸ್‌ಆರ್‌ಸಿಸಿ ಎಂದು ಗುರುತಿಸಿದ್ದೇ ಆಗಿರಬೇಕು. ಆ ಬ್ಯಾಂಕಿನ ವೋಲ್ಟೇಜನ್ನು ಕ್ಯಾರಿಯರ್ ಬೋರ್ಡಿನಿಂದ 2.5ಕ್ಕೆ ಇಡಲು ಸಾಧ್ಯವೇ ಎಂದೂ ನೋಡಿ. 2.5 ಇದ್ದರೆ ಮಾತ್ರ ಚಿಪ್ಪಿನೊಳಗಿನ 100 ಓಮ್ ಟರ್ಮಿನೇಷನ್ ಬಳಸಬಹುದು. ಕೆಲವು ಮಾಡ್ಯೂಲುಗಳಲ್ಲಿ ಅದು 3.3ಕ್ಕೇ ಕಟ್ಟಿಹಾಕಿರುತ್ತದೆ, ಆಗ ರೆಸಿಸ್ಟರನ್ನು ಹೊರಗೆ ಕನೆಕ್ಟರ್ ಬಳಿ ಇಡಬೇಕು, ಈ ವೇಗದಲ್ಲಿ ಅದು ಒಳ್ಳೆಯ ಜಾಗವಲ್ಲ.

ಜಂಪರ್ ವೈರಿನಲ್ಲಿ ಇದು ಆಗದ ಕೆಲಸ. 880 ಮೆಗಾಬಿಟ್‌ನಲ್ಲಿ ಒಂದು ಬಿಟ್‌ನ ಆಯಸ್ಸು 1.14 ನ್ಯಾನೊಸೆಕೆಂಡ್. ಚಿಪ್ಪಿನ ಪ್ರತಿ ಇನ್‌ಪುಟ್ಟಿನಲ್ಲೂ ಸಿಗ್ನಲ್ಲನ್ನು ತಡಮಾಡುವ 32 ಹಂತಗಳ ಐಡಿಲೇ ಇದೆ, 200 ಮೆಗಾಹರ್ಟ್ಸ್ ರೆಫರೆನ್ಸ್ ಕೊಟ್ಟರೆ ಹಂತಕ್ಕೆ 78 ಪಿಕೊಸೆಕೆಂಡ್. ಎಂದರೆ ಒಂದು ಬಿಟ್‌ನೊಳಗೆ ಸುಮಾರು 14 ಹಂತ. ಎಸ್‌ಪಿಐ ಮೂಲಕ ಎಡಿಸಿಗೆ ಟೆಸ್ಟ್ ಪ್ಯಾಟರ್ನ್ ಕಳಿಸಲು ಹೇಳಿ, ಒಂದೊಂದೇ ಹಂತ ಏರಿಸುತ್ತ ಓದಿ. ಕೆಲವು ಹಂತಗಳಲ್ಲಿ ಪ್ಯಾಟರ್ನ್ ಸರಿಯಾಗಿ ಬರುತ್ತದೆ, ಆಮೇಲೆ ಚೆಲ್ಲಾಪಿಲ್ಲಿಯಾಗುತ್ತದೆ, ಮತ್ತೆ ಸರಿಹೋಗುತ್ತದೆ. ಸರಿ ಬಂದ ಹಂತಗಳ ನಟ್ಟನಡುವೆ ನಿಲ್ಲಿಸಿ. ಪ್ರತಿ ಜೋಡಿಗೂ ಇದನ್ನು ಬೇರೆಬೇರೆಯಾಗಿ, ಪ್ರತಿ ಸಲ ಪವರ್ ಕೊಟ್ಟಾಗಲೂ ಮಾಡುವ ಕೋಡ್ ಬರೆಯಿರಿ. ಪಿಸಿಬಿಯಲ್ಲಿ ಗೆರೆಗಳ ಉದ್ದ 12 ಮಿಲಿಮೀಟರ್ ಹೆಚ್ಚು ಕಡಿಮೆಯಾದರೆ ಸುಮಾರು ಒಂದು ಹಂತದ ವ್ಯತ್ಯಾಸ, ಅದನ್ನು ಹೀಗೆ ಸರಿದೂಗಿಸಬಹುದು. ಮಾಡ್ಯೂಲಿನೊಳಗಿನ ಗೆರೆಗಳ ಉದ್ದವನ್ನೂ ಲೆಕ್ಕಕ್ಕೆ ಸೇರಿಸಿ. ಒಳ್ಳೆಯ ತಯಾರಕರು ಅದರ ಪಟ್ಟಿ ಕೊಡುತ್ತಾರೆ.

ಎಡಿಸಿಗೆ ಕೊಡುವ ಕ್ಲಾಕಿನಲ್ಲಿ ದಯವಿಟ್ಟು ಜಿಪುಣತನ ಮಾಡಬೇಡಿ. ಝಿಂಕ್ ಚಿಪ್ಪಿನಲ್ಲಿರುವ ಎಫ್‌ಪಿಜಿಎ ಒಳಗಿನಿಂದಲೇ ಕ್ಲಾಕ್ ತೆಗೆದು ಕೊಡುವುದು ಸುಲಭ, ಆದರೆ ಅದರಲ್ಲಿ ಹತ್ತಾರು ಪಿಕೊಸೆಕೆಂಡ್ ಜಿಟ್ಟರ್ ಇರಬಹುದು. 50 ಮೆಗಾಹರ್ಟ್ಸ್ ಸಿಗ್ನಲ್ಲಿಗೆ 20 ಪಿಕೊಸೆಕೆಂಡ್ ಜಿಟ್ಟರ್ ಇದ್ದರೆ ಸಿಗುವ ಸಿಗ್ನಲ್–ನಾಯ್ಸ್ ಅನುಪಾತ 44 ಡೆಸಿಬೆಲ್ಲಿಗಿಂತ ಮೇಲೇರದು: 14 ಬಿಟ್‌ನ ದುಡ್ಡು ಕೊಟ್ಟು 7 ಬಿಟ್ ತಂದಂತೆ. ಜಿಟ್ಟರ್ ಒಂದು ಪಿಕೊಸೆಕೆಂಡಿಗಿಳಿದರೆ 70 ಡೆಸಿಬೆಲ್. ಒಳ್ಳೆಯ ಕ್ರಿಸ್ಟಲ್ ಆಸಿಲೇಟರಿನಿಂದ ನೇರ ಎಡಿಸಿಗೆ ಕ್ಲಾಕ್ ಕೊಡಿ, ಎಫ್‌ಪಿಜಿಎ ಆ ಎಡಿಸಿಯಿಂದ ಬಿಟ್ ಕ್ಲಾಕ್ ತೆಗೆದುಕೊಳ್ಳಲಿ.

ಡೇಟಾವನ್ನು ಎಲ್ಲಿ ತುಂಬುತ್ತೀರಿ ಎಂದು ನೀವು ಕೇಳಿಲ್ಲ, ಕೇಳಬೇಕಿತ್ತು. ಒಂದೇ ಚಾನೆಲ್ ಸೆಕೆಂಡಿಗೆ 220 ಮೆಗಾಬೈಟ್. ಗಿಗಾಬಿಟ್ ಈಥರ್ನೆಟ್ಟಿನಲ್ಲಿ ಹೋಗುವುದು 120ಕ್ಕೂ ಕಡಿಮೆ. ಆದರೆ ನಿಮಗೆ ಬೇಕಿರುವುದು ಸ್ಪೆಕ್ಟ್ರಮ್. ಎಫ್‌ಪಿಜಿಎಯಲ್ಲೇ 2048 ಬಿಂದುಗಳ ಎಫ್‌ಎಫ್‌ಟಿ ಮಾಡಿದರೆ 54 ಕಿಲೋಹರ್ಟ್ಸ್ ಅಂತರದಲ್ಲಿ ನೋಡಬಹುದು. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಕೂಡಿಸಿ ಕಳಿಸಿದರೆ ಚಾನೆಲ್ಲಿಗೆ ಸೆಕೆಂಡಿಗೆ ಸುಮಾರು 40 ಕಿಲೋಬೈಟ್ ಮಾತ್ರ. ಸಾಮಾನ್ಯ ಲ್ಯಾಪ್‌ಟಾಪ್ ದಿನವಿಡೀ ಬರೆದುಕೊಳ್ಳುತ್ತದೆ. ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯವೂ ಇಂಥ ಕೆಳ ಆವರ್ತನಗಳಲ್ಲೇ ಸೂರ್ಯನನ್ನು ಗಮನಿಸುತ್ತ ಬಂದಿದೆ. ಸಾಧ್ಯವಾದರೆ ಒಮ್ಮೆ ಅನುಮತಿ ಪಡೆದು ಹೋಗಿ ಬನ್ನಿ.

ಸಮಯ ಕಡಿಮೆಯಿದ್ದು ಎರಡು ಚಾನೆಲ್ ಸಾಕಾದರೆ, ರೆಡ್ ಪಿಟಾಯಾ ಎಂಬ ಸಿದ್ಧ ಬೋರ್ಡಿನ 125-14 ಮಾದರಿಯಲ್ಲಿ ಝಿಂಕ್ 7010 ಮತ್ತು 14 ಬಿಟ್, 125 ಮೆಗಾ ಸ್ಯಾಂಪಲ್‌ನ ಎಡಿಸಿ ಒಟ್ಟಿಗೇ ಇವೆ. ಸ್ವಂತ ಬೋರ್ಡೇ ಬೇಕೆಂದರೆ ಸಂತೋಷ, ಕಲಿಯುವುದು ಅದರಲ್ಲೇ ಹೆಚ್ಚು. ಆದರೆ ಪಿಸಿಬಿ ಮಾಡಿಸಲು ಕಳಿಸುವ ಮುನ್ನ ಹತ್ತೂ ಜೋಡಿಗಳ ಪಿನ್, ಕ್ಲಾಕ್, ವೋಲ್ಟೇಜ್ ಎಲ್ಲವನ್ನೂ ಚಿಪ್ ತಯಾರಕರ ವಿವಾಡೊ ತಂತ್ರಾಂಶದಲ್ಲಿ ಬರೆದು ಬಿಟ್‌ಸ್ಟ್ರೀಮ್‌ವರೆಗೆ ಓಡಿಸಿ. ಅಲ್ಲಿ ಒಂದು ಎರರ್ ಉಳಿದಿದ್ದರೂ ಬೋರ್ಡ್ ಕಳಿಸಬೇಡಿ.