ದನಗಳ ನೆರಡಿ ರೋಗವೂ ಅದರ ಪ್ರತಿಬಂಧಕೋಪಾಯಗಳೂ

ದನಕರುಗಳಿಗೆ ತಗಲುವ ಜಾಡ್ಯಗಳಲ್ಲಿ ನೆರಡಿ ರೋಗದಷ್ಟು ಹಠಾತ್ತಾಗಿ ಕೊಲ್ಲುವಂಥವು ವಿರಳ. ಸಂಜೆ ಮೇವು ತಿಂದು ಮಲಗಿದ ಎತ್ತು ಬೆಳಗಾಗುವುದರೊಳಗೆ ಸತ್ತು ಬಿದ್ದಿರುವುದುಂಟು. ಮುಂಗಾರಿನ ಉಳುಮೆಯ ಕಾಲದಲ್ಲಿ ಹೀಗಾದರೆ ರೈತನಿಗೆ ಎತ್ತಿನ ಬೆಲೆಯೊಡನೆ ಆ ವರ್ಷದ ಬೆಳೆಯೂ ನಷ್ಟವಾಗುವ ಸಂಭವವುಂಟು.

ರೋಗದ ಕಾರಣ: ಇದು ಒಂದು ಸೂಕ್ಷ್ಮಜೀವಿಯಿಂದ ಉಂಟಾಗುವುದೆಂಬುದನ್ನು ಜರ್ಮನಿಯ ರಾಬರ್ಟ್ ಕಾಖ್ ಎಂಬ ವೈದ್ಯನು 1876ರಲ್ಲಿ ತೋರಿಸಿಕೊಟ್ಟನು. ಸತ್ತ ಪ್ರಾಣಿಯ ರಕ್ತವು ಹೊರಚೆಲ್ಲಿ ಗಾಳಿಗೆ ಒಡ್ಡಿದಾಗ ಈ ಜೀವಿಗಳು ಗಟ್ಟಿ ಹೊದಿಕೆಯುಳ್ಳ ಬೀಜಕಣಗಳಾಗಿ ಮಾರ್ಪಡುತ್ತವೆ. ಇವು ಬರಗಾಲಕ್ಕೂ ಚಳಿಗೂ ಜಗ್ಗದೆ ಹಲವು ದಶಕಗಳವರೆಗೆ ಮಣ್ಣಿನಲ್ಲಿ ಉಳಿಯಬಲ್ಲವು. ಮಳೆಯ ನೀರು ಇವನ್ನು ಮೇಲಕ್ಕೆ ತಂದಾಗ ಹುಲ್ಲಿನೊಡನೆ ದನಗಳ ಹೊಟ್ಟೆಯನ್ನು ಸೇರುತ್ತವೆ.

ಲಸಿಕೆಯ ಪರೀಕ್ಷೆ: ಲಸಿಕೆಯಿಂದ ಪ್ರಯೋಜನವುಂಟೇ ಎಂಬ ಸಂದೇಹವು 1881ರಲ್ಲಿಯೇ ಪರಿಹಾರವಾಯಿತು. ಫ್ರಾನ್ಸ್ ದೇಶದ ಪೂಯಿ-ಲ-ಫೋರ್ ಎಂಬ ಹಳ್ಳಿಯಲ್ಲಿ ಲೂಯಿ ಪಾಶ್ಚರನು 24 ಕುರಿ, 1 ಮೇಕೆ ಮತ್ತು ಕೆಲವು ದನಗಳಿಗೆ ಮೇ 5 ಮತ್ತು 17ರಂದು ಲಸಿಕೆ ಹಾಕಿದನು. ಬೇರೆ 24 ಕುರಿ, 1 ಮೇಕೆ ಮತ್ತು ಕೆಲವು ದನಗಳಿಗೆ ಹಾಕಲಿಲ್ಲ. ಮೇ 31ರಂದು ಎರಡು ಗುಂಪುಗಳಿಗೂ ರೋಗದ ಜೀವಿಗಳನ್ನು ಚುಚ್ಚಲಾಯಿತು. ಜೂನ್ 2ರ ಸಂಜೆಯ ವೇಳೆಗೆ ಲಸಿಕೆಯಿಲ್ಲದ ಕುರಿ ಮೇಕೆಗಳೆಲ್ಲವೂ ಸತ್ತಿದ್ದುವು; ಆ ಗುಂಪಿನ ದನಗಳಿಗೆ ಜ್ವರ ಬಾವುಗಳು ಬಂದಿದ್ದುವು. ಲಸಿಕೆ ಪಡೆದವು ಎದ್ದು ನಿಂತಿದ್ದುವು. ವಿಷವು ಒಂದೇ, ದಿನವು ಒಂದೇ. ಭೇದವು ಲಸಿಕೆಯದು ಮಾತ್ರ. ಈಗ ಬಳಕೆಯಲ್ಲಿರುವ ಲಸಿಕೆಯು, ದಕ್ಷಿಣ ಆಫ್ರಿಕದಲ್ಲಿ ಮ್ಯಾಕ್ಸ್ ಸ್ಟರ್ನ್ ಎಂಬಾತನು 1930ರ ದಶಕದಲ್ಲಿ ಬೇರ್ಪಡಿಸಿದ ನಿಸ್ಸತ್ತ್ವವಾದ ತಳಿಯಿಂದ ಆದುದು.

ರೈತರು ಅನುಸರಿಸತಕ್ಕ ಕ್ರಮಗಳು:

1. ಹಿಂದೆ ರೋಗ ಕಂಡ ಊರುಗಳಲ್ಲಿ ಪ್ರತಿವರ್ಷವೂ ಮಳೆಗಾಲಕ್ಕೆ ಮುಂಚಿತವಾಗಿ ಲಸಿಕೆ ಹಾಕಿಸತಕ್ಕದ್ದು. ಇದರ ರಕ್ಷಣೆಯು ಸುಮಾರು ಒಂದು ವರ್ಷದ್ದು.

2. ಈ ಲಸಿಕೆಯು ಸಜೀವವಾದುದು. ಪೆನಿಸಿಲಿನ್ ಮೊದಲಾದ ಔಷಧಿಗಳು ಅದನ್ನು ನಾಶಪಡಿಸುವುದರಿಂದ, ಅವನ್ನು ಕೊಡುತ್ತಿರುವ ದನಕ್ಕೆ ಲಸಿಕೆ ಹಾಕಿಸಕೂಡದು. ಆದರೆ ರೋಗದ ಆರಂಭದಲ್ಲಿ ಅದೇ ಪೆನಿಸಿಲಿನ್ ಪ್ರಾಣವುಳಿಸಬಲ್ಲದು. ತೀವ್ರ ಜ್ವರ ಕಂಡೊಡನೆ ಪಶುವೈದ್ಯರನ್ನು ಕರೆಸುವುದು ಯುಕ್ತ.

3. ದನವು ಏಕಾಏಕಿ ಸತ್ತು, ಮೂಗು, ಬಾಯಿ, ಗುದಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರಿದರೆ ನೆರಡಿಯೆಂದೇ ಶಂಕಿಸಬೇಕು. ಅಂಥ ಹೆಣವನ್ನು ಕೊಯ್ಯಕೂಡದು, ಚರ್ಮ ಸುಲಿಯಕೂಡದು, ಮಾಂಸವನ್ನು ಮುಟ್ಟಕೂಡದು.

4. ಪಶುವೈದ್ಯರಿಗೆ ಕೂಡಲೆ ತಿಳಿಸಿ, ಅವರು ಕಿವಿಯ ನರದಿಂದ ರಕ್ತದ ಮಾದರಿ ತೆಗೆದುಕೊಂಡ ಮೇಲೆ, ಹೆಣವನ್ನು ಬಿದ್ದ ಸ್ಥಳದಲ್ಲಿಯೇ ಸುಡುವುದು. ಸಾಧ್ಯವಾಗದಿದ್ದರೆ ಕೆರೆ ಬಾವಿಗಳಿಂದ ದೂರದಲ್ಲಿ ಆರು ಅಡಿಗೆ ಕಡಮೆಯಿಲ್ಲದ ಗುಂಡಿಯಲ್ಲಿ ಹೂಳುವುದು.

5. ಹೆಣವನ್ನು ಮುಟ್ಟಿದವರ ಮೈಮೇಲೆ ನೋವಿಲ್ಲದ, ನಡುವೆ ಕಪ್ಪಾದ ಹುಣ್ಣು ಎದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಸಕಾಲದಲ್ಲಿ ಚಿಕಿತ್ಸೆಯಾದರೆ ಇದು ಗುಣವಾಗುತ್ತದೆ.

ಎತ್ತನ್ನು ಕಳೆದುಕೊಂಡ ಬಡವನಿಗೆ ಚರ್ಮದಿಂದಾದರೂ ನಾಲ್ಕು ಕಾಸು ಬರಲೆಂಬ ಆಸೆ ಸಹಜವೇ. ಆದರೆ ಆ ಚರ್ಮ ಸುಲಿದ ಸ್ಥಳದಲ್ಲಿ ಚೆಲ್ಲಿದ ರಕ್ತವು ಅವನ ಮಕ್ಕಳ ಕಾಲದಲ್ಲಿಯೂ ಅಲ್ಲಿ ಮೇಯುವ ದನಗಳನ್ನು ಕೊಲ್ಲಬಹುದು.