ಮೇಣ ಕರಗುವಾಗ ಗಾಳಿಯ ಲೆಕ್ಕ

ಶಾಖ ಕೂಡಿಡುವ ಪೆಟ್ಟಿಗೆಯೊಳಗೆ ಪ್ಯಾರಫಿನ್ ಮೇಣ ಹೇಗೆ ಕರಗುತ್ತದೆ, ಹೇಗೆ ಗಟ್ಟಿಯಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಕರಗುವಾಗ ಮೇಣ ಶೇ 10ರಿಂದ 15ರಷ್ಟು ಹಿಗ್ಗುತ್ತದೆ. ಅದಕ್ಕೆಂದೇ ಪೆಟ್ಟಿಗೆಯ ಮೇಲ್ಭಾಗದಲ್ಲಿ ಗಾಳಿಗೆ ಜಾಗ ಬಿಟ್ಟಿರುತ್ತಾರೆ. ಕಷ್ಟವೆಲ್ಲ ಶುರುವಾಗುವುದು ಈ ಗಾಳಿಯಿಂದ.

ಈಗ ಗಡಿಗಳು ಎರಡಾದವು. ಒಂದು, ಬೆರೆಯದ ಮೇಣ ಮತ್ತು ಗಾಳಿಯ ನಡುವಿನದು. ಅದಕ್ಕೆ 1981ರಲ್ಲಿ ಹರ್ಟ್ ಮತ್ತು ನಿಕೋಲ್ಸ್ ಕೊಟ್ಟ ವಿಒಎಫ್ (ವಾಲ್ಯೂಮ್ ಆಫ್ ಫ್ಲೂಯಿಡ್) ವಿಧಾನವಿದೆ. ಲೆಕ್ಕಕ್ಕೆಂದು ಪೆಟ್ಟಿಗೆಯನ್ನು ಪುಟ್ಟ ಸೆಲ್‌ಗಳಾಗಿ ಹೋಳು ಮಾಡುತ್ತೇವೆ; ಪ್ರತಿ ಸೆಲ್‌ನಲ್ಲಿ ಮೇಣದ ಪಾಲೆಷ್ಟು ಎಂದು ಅದು ಗುರುತಿಟ್ಟುಕೊಳ್ಳುತ್ತದೆ. ಇನ್ನೊಂದು, ಗಟ್ಟಿ ಮೇಣ ಮತ್ತು ಕರಗಿದ ಮೇಣದ ನಡುವಿನದು. ಇದಕ್ಕೆ 1987ರ ವೊಲ್ಲರ್–ಪ್ರಕಾಶ್ ವಿಧಾನ: ಎಷ್ಟು ಕರಗಿದೆ ಎಂಬುದನ್ನು ಲೆಕ್ಕ ಹಾಕಿ, ಗಟ್ಟಿಯಾಗಿರುವಲ್ಲಿ ಹರಿವಿಗೆ ಭಾರಿ ತಡೆ ಒಡ್ಡುವುದು. ಎರಡೂ ಚೆನ್ನಾಗಿ ಪಳಗಿದ ವಿಧಾನಗಳೇ.

ಅವೆರಡೂ ಸೇರುವ ಒಂದು ಸೆಲ್ ನೋಡಿ: ಬಿಸಿ ಗೋಡೆಗೆ ತಾಗಿದ್ದು, ಅರ್ಧ ಮೇಣ, ಅರ್ಧ ಗಾಳಿ. ಮೇಣ ಕರಗಲು ಕಿಲೋಗೆ ಸುಮಾರು 200 ಕಿಲೋಜೂಲ್ ಗುಪ್ತೋಷ್ಣ ಬೇಕು. ಗಾಳಿಗೆ ಕರಗುವ ಮಾತೇ ಇಲ್ಲ. ಆದ್ದರಿಂದ ಗುಪ್ತೋಷ್ಣವಾಗಲಿ, ಹರಿವಿನ ತಡೆಯಾಗಲಿ ಮೇಣದ ಪಾಲಿಗಷ್ಟೇ ಸಲ್ಲಬೇಕು. ಬರೀ ತಾಪಮಾನ ನೋಡಿ ತಡೆ ಹಾಕುವ ಕೋಡಿನಲ್ಲಿ ಮೇಲಿನ ತಣ್ಣನೆಯ ಗಾಳಿಯೂ ಕಲ್ಲಿನಂತೆ ನಿಂತುಬಿಡುತ್ತದೆ. ಬಣ್ಣದ ಚಿತ್ರದಲ್ಲಿ ಅದು ಗೊತ್ತಾಗುವುದಿಲ್ಲ. ವೇಗದ ಬಾಣಗಳನ್ನು ತೆರೆದು ನೋಡಬೇಕು. ಗೋಡೆಯಿಂದ ಒಳಬಂದ ಶಾಖಕ್ಕೂ ಒಳಗೆ ಶೇಖರವಾದ ಶಾಖಕ್ಕೂ ತಾಳೆಯಾಗುತ್ತದೆಯೇ ಎಂದೂ ನೋಡಬೇಕು.

ಪೆಟ್ಟಿಗೆ ಪೂರ್ತಿ ಮುಚ್ಚಿದ್ದು, ಗಾಳಿ ಕುಗ್ಗದು ಎಂದಿಟ್ಟುಕೊಂಡರೆ ಹಿಗ್ಗುವ ಮೇಣಕ್ಕೆ ದಾರಿಯೇ ಇರುವುದಿಲ್ಲ. ಒತ್ತಡದ ಸಮೀಕರಣಕ್ಕೆ ಉತ್ತರವೇ ಇಲ್ಲದ ಮೇಲೆ ಟೈಮ್ ಸ್ಟೆಪ್ ಎಷ್ಟು ಚಿಕ್ಕದು ಮಾಡಿದರೂ ಅಷ್ಟೇ. ಮೇಲೊಂದು ಕಿಂಡಿ ಕೊಡಬೇಕು, ಇಲ್ಲವೇ ಗಾಳಿಯನ್ನು ಕುಗ್ಗುವ ಅನಿಲವೆಂದೇ ಬರೆಯಬೇಕು.

ಹೊಸದಾಗಿ ಕೆಲಸಕ್ಕೆ ಬಂದವರಿಗೆ ಗಾಳಿಯ ತಂಟೆಗೆ ಹೋಗುವ ಮೊದಲು ಗ್ಯಾಲಿಯಂ ಕರಗಿಸಿ ನೋಡಿ ಎನ್ನುತ್ತೇನೆ. 29.8 ಡಿಗ್ರಿ ಸೆಲ್ಸಿಯಸ್‌ಗೇ ಕರಗುವ ಲೋಹ ಅದು. 1986ರಲ್ಲಿ ಗೌ ಮತ್ತು ವಿಸ್ಕಾಂತ ಪ್ರಕಟಿಸಿದ ಪ್ರಯೋಗದ ಅಳತೆಗಳಿವೆ. ಅದರ ಮೊದಲ ಲೆಕ್ಕಗಳ ಒರಟು ಮೆಶ್‌ನಲ್ಲಿ, ಅಂದರೆ ದೊಡ್ಡ ಸೆಲ್‌ಗಳ ಜಾಲದಲ್ಲಿ, ದ್ರವದೊಳಗೆ ಒಂದೇ ದೊಡ್ಡ ಸುಳಿ ಮೂಡಿ, ಕರಗುವ ಗಡಿ ಪ್ರಯೋಗಕ್ಕೆ ಸೊಗಸಾಗಿ ಹೊಂದುತ್ತಿತ್ತು. ಮೆಶ್ ಸಣ್ಣದಾದಂತೆ ಹಲವು ಸುಳಿಗಳು ಕಾಣಿಸಿಕೊಂಡವು, ವಾದ ಬೆಳೆಯಿತು. ಆ ಎರಡು ಆಯಾಮದ ಮಾದರಿಗೆ ಹಲವು ಸುಳಿಗಳೇ ಸರಿಯಾದ ಉತ್ತರವೆಂದು 2003ರಲ್ಲಿ ಹನ್ನೂನ್ ಮತ್ತು ಸಂಗಡಿಗರು ತೋರಿಸಿದರು. ಮೊದಲಿನ ಹೊಂದಿಕೆ ಒರಟು ಮೆಶ್‌ನ ಕೊಡುಗೆಯಾಗಿತ್ತು!

ಮೇಣದ ಲೆಕ್ಕದಲ್ಲಿ ಇಂಥದೇ ಸುಳ್ಳು ಹೊಂದಿಕೆಯ ಆಸೆ ಹುಟ್ಟಿಸುವುದು ಆ ಹರಿವಿನ ತಡೆಯ ಸ್ಥಿರಾಂಕ. ಅದನ್ನು ಹೆಚ್ಚುಕಡಿಮೆ ಮಾಡಿ ಯಾವ ಪ್ರಯೋಗಕ್ಕಾದರೂ ಹತ್ತಿರ ಹೋಗಬಹುದು. ಮೆಶ್ ಇನ್ನಷ್ಟು ಸಣ್ಣದಾದರೂ ಉತ್ತರ ಕದಲದು ಎಂದು ಖಾತ್ರಿಯಾಗುವವರೆಗೆ ಆ ಸಂಖ್ಯೆಯನ್ನು ಮುಟ್ಟಲು ನಮ್ಮಲ್ಲಿ ಯಾರಿಗೂ ಬಿಡುವುದಿಲ್ಲ.