ಯಾವ ಲಿನಕ್ಸ್? ಹಾಕುವ ಮೊದಲು ಓಡಿಸಿ ನೋಡಿ

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ 8ನೇ ತಲೆಮಾರಿನ ಪ್ರೊಸೆಸರಾದರೂ ಇರಬೇಕು. ಹೀಗಾಗಿ ಪರದೆ, ಕೀಬೋರ್ಡು ಎಲ್ಲ ಗಟ್ಟಿಯಾಗಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಮೂಲೆ ಸೇರುತ್ತಿವೆ. ಅವುಗಳಲ್ಲಿ ಹೆಚ್ಚಿನವು ಲಿನಕ್ಸ್ ಹಾಕಿದರೆ ಇನ್ನೂ ವರ್ಷಗಟ್ಟಲೆ ಓಡುತ್ತವೆ. ಬಗೆಬಗೆಯ ಡಿಸ್ಟ್ರೋಗಳನ್ನು, ಅಂದರೆ ಲಿನಕ್ಸ್‌ನ ಬೇರೆಬೇರೆ ರೂಪಗಳನ್ನು, ಹಾಕಿ ನೋಡುವುದು ನನ್ನ ಬಹುಕಾಲದ ಹವ್ಯಾಸ. ಹೊಸಬರು ಕೇಳಿದಾಗಲೆಲ್ಲ ನಾನು ಹೇಳುವುದು ಒಂದೇ ಮಾತು: ಯಾವುದು ಒಳ್ಳೆಯದೆಂದು ಊರೆಲ್ಲ ವಿಚಾರಿಸುವ ಬದಲು ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡಿಸಿ ನೋಡಿ. ಹಾರ್ಡ್ ಡಿಸ್ಕ್ ಮುಟ್ಟದೆಯೇ ಇದನ್ನು ಮಾಡಬಹುದು.

ಒಂದೇ ಪೆನ್‌ಡ್ರೈವ್ ಸಾಕು

32 ಜಿಬಿಯ ಪೆನ್‌ಡ್ರೈವ್ ತೆಗೆದುಕೊಂಡು ವೆಂಟಾಯ್ ಎಂಬ ಉಚಿತ ತಂತ್ರಾಂಶದಿಂದ ಸಿದ್ಧಪಡಿಸಿ. ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಆಮೇಲೆ ಡಿಸ್ಟ್ರೋಗಳ ಅಧಿಕೃತ ತಾಣಗಳಿಂದ ಐಎಸ್‌ಒ ಫೈಲ್‌ಗಳನ್ನು ಇಳಿಸಿಕೊಂಡು, ಹಾಡುಗಳನ್ನು ಕಾಪಿ ಮಾಡುವ ಹಾಗೆ ಅದಕ್ಕೆ ಹಾಕಿದರಾಯಿತು. ನಾಲ್ಕೈದು ಡಿಸ್ಟ್ರೋ ಒಟ್ಟಿಗೆ ಹಿಡಿಯುತ್ತವೆ.

ಲ್ಯಾಪ್‌ಟಾಪ್ ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಸೆಕ್ಯೂರ್ ಬೂಟ್ ಆನ್ ಇದ್ದರೆ ಮೊದಲ ಸಲ ನೀಲಿ ಪರದೆಯೊಂದು ಬಂದು ಕೀ ಸೇರಿಸಲು ಕೇಳಬಹುದು. ವೆಂಟಾಯ್ ಪಟ್ಟಿಯಲ್ಲಿ ಬೇಕಾದ್ದನ್ನು ಆರಿಸಿದರೆ ಡೆಸ್ಕ್‌ಟಾಪ್ ನೇರವಾಗಿ ತೆರೆಯುತ್ತದೆ. ಇದಕ್ಕೆ ಲೈವ್ ಸೆಷನ್ ಎನ್ನುತ್ತಾರೆ. ಇದರಲ್ಲಿ ಮಾಡಿದ ಬದಲಾವಣೆಗಳು ಆಫ್ ಮಾಡಿದ ಕೂಡಲೇ ಹೋಗುತ್ತವೆ. ಪೆನ್‌ಡ್ರೈವ್‌ನಿಂದ ಓಡುವುದರಿಂದ ಎಲ್ಲವೂ ತುಸು ನಿಧಾನ. ಆ ನಿಧಾನವನ್ನು ನೋಡಿ ಡಿಸ್ಟ್ರೋವನ್ನು ಅಳೆಯಬೇಡಿ.

ಯಾವುದರಿಂದ ಶುರು?

ನನ್ನ ಮಟ್ಟಿಗೆ ಲಿನಕ್ಸ್ ಮಿಂಟ್. ವಿಂಡೋಸ್ ಬಳಸಿದವರಿಗೆ ಅದರ ಸಿನಮನ್ ಡೆಸ್ಕ್‌ಟಾಪ್ ಹೊಸದೆನಿಸುವುದೇ ಇಲ್ಲ. ಉಬುಂಟುವಿನ ದೀರ್ಘಾವಧಿ ಆವೃತ್ತಿಯೇ ಅದಕ್ಕೆ ಬುನಾದಿ. ಮಿಂಟ್ 22 ಸರಣಿಗೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ರ‍್ಯಾಮ್ 4 ಜಿಬಿ ಮಾತ್ರ ಇದ್ದರೆ ಮಿಂಟ್‌ನದೇ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನೋ ಡೆಬಿಯನ್ ಮೂಲದ ಎಂಎಕ್ಸ್ ಲಿನಕ್ಸನ್ನೋ ನೋಡಿ. ಫೆಡೋರಾದಲ್ಲಿ ಹೊಸ ತಂತ್ರಾಂಶಗಳು ಬೇಗ ಸಿಗುತ್ತವೆ, ಆದರೆ ಪ್ರತಿ ಆವೃತ್ತಿಯ ಆಯುಸ್ಸು ಸುಮಾರು 13 ತಿಂಗಳು. ಆರ್ಚ್ ಲಿನಕ್ಸ್ ಕಲಿಯುವ ಆಸೆಯುಳ್ಳವರಿಗೆ. ಮನೆಯವರೆಲ್ಲ ಬಳಸುವ ಲ್ಯಾಪ್‌ಟಾಪಿಗೆ ಅದು ಬೇಡ.

ಪರೀಕ್ಷೆ ಮಾಡುವುದು ಹೀಗೆ

ವಾಲ್‌ಪೇಪರ್, ಐಕಾನ್‌ಗಳ ಅಂದ ನೋಡಿ ಮರುಳಾಗುವುದು ಸುಲಭ. ದಿನವೂ ಮಾಡುವ ಕೆಲಸಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಪ್ರತಿ ಡಿಸ್ಟ್ರೋದಲ್ಲೂ ಅವನ್ನೇ ಮಾಡಿ ನೋಡಿ. ವೈಫೈ ಸಿಗುತ್ತದೆಯೇ? ವಿಡಿಯೊ ಪೂರ್ತಿ ಪರದೆಯಲ್ಲಿ ತಡವರಿಸದೆ ಓಡುತ್ತದೆಯೇ? ಬ್ಲೂಟೂತ್, ಕ್ಯಾಮೆರಾ, ಪ್ರಿಂಟರ್? ಎಲ್ಲಕ್ಕಿಂತ ಮುಖ್ಯವಾಗಿ, ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಟ್ಟು ತೆರೆಯಿರಿ. ಪರದೆ ಬರಬೇಕು, ವೈಫೈ ತಾನಾಗಿ ಸೇರಿಕೊಳ್ಳಬೇಕು, ಸದ್ದು ಕೇಳಬೇಕು. ಹಳೆಯ ಲ್ಯಾಪ್‌ಟಾಪ್‌ಗಳು ಎಡವುವುದು ಹೆಚ್ಚಾಗಿ ಇಲ್ಲೇ. ವೈಫೈ ಸಿಗದಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಇಂಟರ್ನೆಟ್ ಬರುತ್ತದೆ. ಮಿಂಟ್‌ನ ಡ್ರೈವರ್ ಮ್ಯಾನೇಜರ್ ಬೇಕಾದ ಡ್ರೈವರನ್ನು ಹುಡುಕಿಕೊಡಬಹುದು.

ಕನ್ನಡದ ಪರೀಕ್ಷೆಯನ್ನು ಬಿಡಲೇಬೇಡಿ. ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ಪಟ್ಟಿಯಲ್ಲಿ ಇನ್‌ಸ್ಕ್ರಿಪ್ಟ್ ಮಾದರಿಯ ಕನ್ನಡ ಮೊದಲೇ ಇರುತ್ತದೆ. ‘ನುಡಿ’ ತಂತ್ರಾಂಶದ ಕೀಲಿ ವಿನ್ಯಾಸದಲ್ಲಿ ಕೈ ಕುಳಿತವರು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ‘ಐಬಸ್-ಎಂ17ಎನ್’ ಹಾಕಿಕೊಂಡು, ಐಬಸ್ ಆದ್ಯತೆಗಳಲ್ಲಿ ಕನ್ನಡದ ಕೆಜಿಪಿಯನ್ನು ಸೇರಿಸಬೇಕು. ಲಿಬ್ರೆ ಆಫೀಸ್ ತೆರೆದು ‘ರಾಷ್ಟ್ರಕ್ಕೆ’, ‘ಸ್ವಾತಂತ್ರ್ಯ’ ಎಂದು ಹೊಡೆಯಿರಿ. ಒತ್ತಕ್ಷರ ಸರಿಯಾಗಿ ಕೂರದಿದ್ದರೆ ಬೇರೆ ಫಾಂಟ್ ಹಾಕಿ ನೋಡಿ. ಹಳೆಯ ನುಡಿಯಲ್ಲಿ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಕಡೆ ಕಲಸುಮೇಲೋಗರವಾಗಿ ಕಾಣುತ್ತವೆ. ವಿಂಡೋಸ್ ಇರುವಾಗಲೇ ಅವನ್ನು ಯುನಿಕೋಡ್‌ಗೆ ಬದಲಿಸಿಟ್ಟುಕೊಳ್ಳಿ. ಟ್ಯಾಲಿ ಓಡುವುದು ವಿಂಡೋಸ್‌ನಲ್ಲಿ, ಹಾಗಾಗಿ ಅದರಲ್ಲಿ ಲೆಕ್ಕ ಬರೆಯುವ ಅಂಗಡಿಯವರು ವಿಂಡೋಸನ್ನು ಪೂರ್ತಿ ತೆಗೆಯುವ ಯೋಚನೆ ಬಿಡುವುದು ಒಳ್ಳೆಯದು.

ಹಾಕುವ ಹೊತ್ತು

ಫೋಟೊ, ದಾಖಲೆಗಳನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿ, ಒಂದೆರಡನ್ನು ತೆರೆದು ನೋಡಿ ಖಾತ್ರಿಪಡಿಸಿಕೊಳ್ಳಿ. ವಿಂಡೋಸ್ ಉಳಿಸಿಕೊಳ್ಳುವುದಾದರೆ ಬಿಟ್‌ಲಾಕರ್ ರಿಕವರಿ ಕೀ ಬರೆದಿಟ್ಟುಕೊಂಡು, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಡಿಸ್ಕಿನ ಭಾಗಕ್ಕೆ ಲಿನಕ್ಸ್‌ನಿಂದ ಬರೆಯಲು ತೊಡಕಾಗುತ್ತದೆ. ಮುಂದೆ ಡಿಸ್ಟ್ರೋ ಬದಲಿಸುವ ಮನಸ್ಸಿದ್ದವರು ಸ್ವಂತ ಫೈಲ್‌ಗಳಿರುವ ‘ಹೋಮ್’ಗೆ ಪ್ರತ್ಯೇಕ ಪಾರ್ಟಿಶನ್ ಮಾಡಿದರೆ, ಮುಂದಿನ ಸಲ ಅದನ್ನು ಫಾರ್ಮ್ಯಾಟ್ ಮಾಡದೆ ಹಾಗೇ ಉಳಿಸಿಕೊಳ್ಳಬಹುದು.

ಮಿಂಟ್ ಹಾಕಿದ ಮೇಲೆ ಮೊದಲು ತೆರೆಯಬೇಕಾದದ್ದು ಟೈಮ್‌ಶಿಫ್ಟ್ ಎಂಬ ತಂತ್ರಾಂಶ. ವ್ಯವಸ್ಥೆಯ ಈಗಿನ ಸ್ಥಿತಿಯನ್ನು ಉಳಿಸುವ ಒಂದು ಸ್ನ್ಯಾಪ್‌ಶಾಟ್ ತೆಗೆದು, ಆಮೇಲೆ ಅಪ್‌ಡೇಟ್ ಮಾಡಿ. ಅಪ್‌ಡೇಟ್ ಕೈಕೊಟ್ಟರೆ ಪೆನ್‌ಡ್ರೈವ್‌ನ ಲೈವ್ ಸೆಷನ್‌ನಿಂದಲೂ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರಬಹುದು. ಟೈಮ್‌ಶಿಫ್ಟ್ ಉಳಿಸುವುದು ವ್ಯವಸ್ಥೆಯನ್ನು ಮಾತ್ರ. ನಿಮ್ಮ ಸ್ವಂತ ಫೈಲ್‌ಗಳಿಗೆ ಬೇರೆಯೇ ಬ್ಯಾಕಪ್ ಬೇಕು.